ದ್ಯಾಮವ್ವ ಬಿಟ್ಟ ತಾಮ್ರದ ಪಟ್ಟಿ

“ಮೇಡಮ್ ಭಾಳ ಖುಷಿ ಆಗ್ಯಾರ,” ಎನ್ನುತ್ತ ದುರಗೇಶ ಅಂಗಡಿಯ ಕಟ್ಟೆ ಹತ್ತಿ ಕುಳಿತ. “ಆದ್ರ ಒಂದು ಕಂಪ್ಲೇಂಟ್ ಐತಿ ಅಂದ್ರು.”

ದ್ಯಾಮವ್ವ ತಲೆ ಎತ್ತಲಿಲ್ಲ. ಎಡಗೈಯಲ್ಲಿ ತಾಮ್ರದ ತಂತಿ, ಬಲಗೈಯಲ್ಲಿ ಸುತ್ತುವ ಮಷೀನಿನ ಹಿಡಿಕೆ. ಮುನ್ನೂರ ಹನ್ನೆರಡು, ಮುನ್ನೂರ ಹದಿಮೂರು. ಎಣಿಕೆ ತಪ್ಪಿದರೆ ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಆದರೂ ‘ಮೇಡಮ್’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳ ಬೆರಳುಗಳ ನಡುವೆ ತಂತಿ ಬಿಗಿಯುತ್ತಿತ್ತು.

“ಕಂಪ್ಲೇಂಟ್ ನಿಂದೋ, ನಂದೋ?”

“ನಿನ್ನ ಕೈಕೆಲಸಕ್ಕ ಯಾವಾಗರ ಕಂಪ್ಲೇಂಟ್ ಬಂದೈತೇನು?” ದುರಗೇಶ ನಕ್ಕ. “ಅವರ ಮನಿ ಹಿಂದ ಬ್ಯಾಳಿ ಗಿರಣಿ ಐತಿ. ಅಲ್ಲಿ ಮೋಟರ್ ಚಾಲೂ ಆತಂದ್ರ ಹಾಡಿನಾಗ ‘ಚರ್ರ್’ ಅಂತೈತಂತ. ನನಗ ಕೇಳಿಸಿದ್ದಿಲ್ಲ. ಮೇಡಮ್ ಕಿವಿ ಅಂದ್ರ ಕಿವಿ! ಕಣ್ಣು ಮುಚ್ಚಿ ಕುಂತು, ಹಿಂಗ ಬಟ್ಟು ಎತ್ತಿ, ‘ಈಗ... ಈಗ...’ ಅಂತ ತೋರಿಸಿದ್ರು.”

ತಾನೂ ಕಣ್ಣು ಮುಚ್ಚಿ, ಬೆರಳೆತ್ತಿ ತೋರಿಸಿದ. ಅವನ ಕಣ್ಣು ಮುಚ್ಚಿದ್ದರಿಂದ ದ್ಯಾಮವ್ವನಿಗೆ ಅವನನ್ನು ನೆಟ್ಟಗೆ ನೋಡಲು ಧೈರ್ಯ ಬಂತು. ಗಡ್ಡ ನುಣ್ಣಗೆ ಬೋಳಿಸಿದ್ದ. ಅಂಗಿಗೆ ಇಸ್ತ್ರಿ ಹೊಡೆದಿದ್ದ. ನರಗುಂದದ ಬೀದಿಯಲ್ಲಿ ವಾರವಿಡೀ ಬೆಸುಗೆಯ ಹೊಗೆ ಕುಡಿದು ಓಡಾಡುವವನು, ರವಿವಾರ ಗಜೇಂದ್ರಗಡದ ಬಸ್ಸು ಹತ್ತುವಾಗ ಮಾತ್ರ ಮದುಮಗನ ಹಾಗೆ ಹೊಳೆಯುತ್ತಿದ್ದ.

ಅವಳು ತನ್ನ ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ವಾರ್ನಿಷ್ ಕರೆಗಟ್ಟಿತ್ತು. ತೋರುಬೆರಳಿಗೆ ತಂತಿ ಕೊರೆದ ಗೆರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಅಪ್ಪ ಅರ್ಜುನಪ್ಪನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕುಳಿತವಳು. ಕೆನಾಲ್ ಕಡೆಯ ಸುಟ್ಟ ಪಂಪ್‌ಸೆಟ್ಟುಗಳೆಲ್ಲ ಅವಳ ಕೈಯಲ್ಲೇ ಜೀವ ಪಡೆಯುತ್ತಿದ್ದವು. ಹೆಸರು ಮಾತ್ರ ಅಪ್ಪನದು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಎದುರಿನ ರಿಪೇರಿ ಅಂಗಡಿಯ ದುರಗೇಶನೊಬ್ಬನಿಗೆ ಗೊತ್ತಿದ್ದರೆ ಸಾಕಿತ್ತು.

ಅವನೀಗ ಹೊಸ ಹುಚ್ಚು ಹಿಡಿಸಿಕೊಂಡಿದ್ದ. ಗಜೇಂದ್ರಗಡದ ಕಾಳಿನ ವ್ಯಾಪಾರಿ ಪ್ರಭುಲಿಂಗಪ್ಪನವರ ಮಗಳು ಅನ್ನಪೂರ್ಣೇಶ್ವರಿ, ಅವನ ‘ಮೇಡಮ್’, ಮನೆಯ ಹಾಡುಗಳನ್ನೆಲ್ಲ ಕಂಪ್ಯೂಟರ್ ಡ್ರೈವಿಗೆ ಹಾಕಿಸಿ ದೊಡ್ಡ ಸ್ಪೀಕರಿನಲ್ಲಿ ಕೇಳುತ್ತಾಳಂತೆ. ಆ ಡ್ರೈವಿಗೆ ಶುದ್ಧ ಕರೆಂಟು ಬೇಕಂತೆ.

“ಕರೆಂಟಿನಾಗ ಎಂಥಾ ಶುದ್ಧ, ಎಂಥಾ ಮೈಲಿಗಿ?” ಎಂದು ಮೊದಲ ದಿನ ದ್ಯಾಮವ್ವ ಕೇಳಿದ್ದಳು.

“ಕೆನಾಲ್ ನೀರು ನೋಡಿಯಿಲ್ಲೋ? ಹೊಲಕ್ಕ ಹಂಗs ಬಿಟ್ರ ನಡೀತೈತಿ. ಕುಡಿಯಾಕ ಬೇಕಂದ್ರ ಸೋಸಬೇಕು. ಕಂಪ್ಯೂಟರಿನ ಪವರ್ ಸಪ್ಲೈ ಅಂದ್ರ ಕೆನಾಲ್ ನೀರು. ಡ್ರೈವಿಗೆ ನಾ ಬ್ಯಾರೆ ಸಪ್ಲೈ ಮಾಡ್ತೀನಿ, ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಹಾಕಿ. ಟ್ರಾನ್ಸ್‌ಫಾರ್ಮರ್ ನೀ ಸುತ್ತಿಕೊಡು.”

ಸುತ್ತಿಕೊಟ್ಟಿದ್ದಳು. ಈಗ ಗಿರಣಿಯ ‘ಚರ್ರ್’ ತಡೆಯಲು ಎರಡನೆಯದು ಬೇಕಾಗಿತ್ತು. ಒಳಗಿನ ಸುತ್ತಿಗೂ ಹೊರಗಿನ ಸುತ್ತಿಗೂ ನಡುವೆ ತೆಳ್ಳನೆಯ ತಾಮ್ರದ ಪಟ್ಟಿ ಹಾಸಿ, ಅದರಿಂದ ಒಂದು ಹಸಿರು ವಾಯರ್ ಹೊರಗೆ ತಂದು ಅರ್ಥಿಂಗಿಗೆ ಕೊಡಬೇಕು. ಗಿರಣಿಯ ಕೊಳೆ ಆ ಪಟ್ಟಿಗೆ ಬಡಿದು ನೆಲಕ್ಕಿಳಿಯುತ್ತದೆ.

“ರವಿವಾರದೊಳಗ ಆಗ್ತೈತೇನು? ಮೇಡಮ್ ದಾರಿ ಕಾಯ್ತಾರ.”

“ಆಗ್ತೈತಿ,” ಎಂದಳು ದ್ಯಾಮವ್ವ. ದಾರಿ ಕಾಯ್ತಾರ!

ಶನಿವಾರ ಮಧ್ಯಾಹ್ನ ಒಳಗಿನ ಸುತ್ತು ಮುಗಿಸಿ, ಕಾಗದ ಹಚ್ಚಿ, ಪಟ್ಟಿ ಕತ್ತರಿಸಿ ಕೈಯಲ್ಲಿ ಹಿಡಿದಳು. ಎದುರಿನ ಅಂಗಡಿಯಲ್ಲಿ ದುರಗೇಶ ಏನೋ ರಾಗ ಗುನುಗುತ್ತಿದ್ದ. ಅವನಿಗೆ ರಾಗ ಬರುತ್ತಿರಲಿಲ್ಲ. ಅಲ್ಲಿಂದಲೇ ಕಲಿತು ಬಂದಿರಬೇಕು. ಅವಳ ಎದೆಯಲ್ಲಿ ಒಣಮೆಣಸಿನಕಾಯಿ ಹುರಿದ ಹಾಗಾಯಿತು. ಪಟ್ಟಿಯನ್ನು ಮಡಚಿ ಡಬ್ಬಿಗೆ ಹಾಕಿದಳು. ಕಾಗದದ ಮಡಿಕೆಯೊಳಗೆ ಹಸಿರು ವಾಯರಿನ ತುದಿ ಸಿಕ್ಕಿಸಿ, ಮೇಲೆ ಹೊರಸುತ್ತು ಸುತ್ತಿ, ವಾರ್ನಿಷ್ ಬಳಿದಳು. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇರಲಿಲ್ಲ. ಅವಳ ಸುತ್ತು ಎಂದಿನಂತೆ ಪೋಣಿಸಿದ ಮಣಿಯ ಹಾಗೆ ಕೂತಿತ್ತು.

ಚರ್ರ್ ಅನ್ನಲಿ. ಆಕೆ ಬ್ಯಾಸತ್ತು, ‘ನಿಮ್ಮ ಕೆಲಸ ಸಾಕ್ರಿ’ ಅಂತ ಇವನನ್ನು ಹೊರಗೆ ಹಾಕಲಿ.

ಆದದ್ದೇ ಬೇರೆ. ಸೋಮವಾರ ದುರಗೇಶ ಬಂದವನೇ, “ಮತ್ತ ಚರ್ರ್ ಅಂತೈತಿ. ಬುಧವಾರ ಬರ್ರಿ, ಕೂಡಿ ನೋಡೂಣು ಅಂದಾರ,” ಎಂದ. ಬುಧವಾರ ಹೋಗಿ ಬಂದು, “ಇನ್ನೊಂದು ಸುತ್ತಿಕೊಡು, ಶುಕ್ರವಾರ ಒಯ್ತೀನಿ,” ಎಂದ. ವಾರಕ್ಕೊಂದು ಇದ್ದದ್ದು ಮೂರಾಯಿತು! ಬೆಂಕಿಗೆ ತಾನೇ ಎಣ್ಣೆ ಸುರಿದ ಹಾಗಾಯಿತಲ್ಲ ಎಂದು ದ್ಯಾಮವ್ವ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡಳು.

ಇನ್ನೊಂದಕ್ಕೆ ಪಟ್ಟಿ ಹಾಕಬೇಕೆಂದೇ ಕುಳಿತಳು. ಅಷ್ಟರಲ್ಲಿ ಅವನು, “ಮೇಡಮ್ ಚಹಾ ಮಾಡಿದ್ರಂದ್ರ ಸಕ್ಕರಿ ಕೇಳೂದs ಬ್ಯಾಡ, ಅರ್ಧ ಚಮಚ ಅಂತ ನೆಪ್ಪಿಟ್ಟಾರ,” ಎಂದುಬಿಟ್ಟ. ಆ ಸಲವೂ ಪಟ್ಟಿ ಡಬ್ಬಿಯಲ್ಲೇ ಉಳಿಯಿತು.

ಶುಕ್ರವಾರ ಹೋಗಿ ಬಂದವನು ಎರಡು ದಿನ ಕಟ್ಟೆ ಹತ್ತಲಿಲ್ಲ. ಮೂರನೆಯ ದಿನ ಬಂದ. ಗಡ್ಡ ಬಿಟ್ಟಿದ್ದ. ಅವಳ ಕೈಯನ್ನು ಬಹಳ ಹೊತ್ತು ನೋಡಿದ, ಮುಖ ನೋಡಲಿಲ್ಲ.

“ನನ್ನ ಸರ್ಕ್ಯೂಟs ಸರಿ ಇಲ್ಲ ಅಂತ ಹೇಳಿ ಬಂದೆ. ರವಿವಾರ ಕಡೀ ಸಲ ಹೋಗಿ ಎಲ್ಲಾ ಬಿಚ್ಚಿಕೊಂಡು ಬರ್ತೀನಿ. ರೋಣದಾಗ ಟವರ್ ಕಂಪನಿಗೆ ಮಂದಿ ಬೇಕಂತ. ಅಂಗಡಿ ಮುಚ್ಚಿ ಅಲ್ಲೇ ಹೋಗಿ ಇರ್ತೀನಿ.”

“ಅಂಗಡಿ ಮುಚ್ಚತಿ?”

“ಒಂದು ಸದ್ದು ತಡಿಯಾಕ ಆಗಲಾರದವಗ ಅಂಗಡಿ ಯಾಕ?”

ಎದುರಿನ ಬಾಗಿಲು ಮುಚ್ಚಿದ ಬೀದಿಯನ್ನು ದ್ಯಾಮವ್ವ ನೆನೆದು ನೋಡಿದಳು. ಹಿಡಿಕೆ ತಿರುಗಿಸುವ ಕೈ ನಿಂತಿತು. ಎಣಿಕೆ ಎಷ್ಟಕ್ಕೆ ನಿಂತಿತೋ ಅವಳಿಗೇ ತಿಳಿಯಲಿಲ್ಲ.

ಅವತ್ತೇ ಹೊಸ ಟ್ರಾನ್ಸ್‌ಫಾರ್ಮರ್ ಸುತ್ತಿದಳು. ಪಟ್ಟಿಯ ಎರಡು ತುದಿ ಒಂದಕ್ಕೊಂದು ತಾಗದಂತೆ ನಡುವೆ ಕಾಗದವಿಟ್ಟು ಹಾಸಿದಳು, ಹಸಿರು ವಾಯರನ್ನು ಪಟ್ಟಿಗೆ ಬೆಸೆದಳು. ಆಮೇಲೆ ಅಪ್ಪನ ಮುಂದೆ ನಿಂತು, “ಆ ಗಿರಣಿ ಮೋಟರ್ ಸದ್ದು ಮಾಡ್ತೈತಂತ. ನಾನೂ ಹೋಗಿ ನೋಡಿ ಬರ್ಲೇನಪ್ಪಾ?” ಎಂದಳು.

ಅರ್ಜುನಪ್ಪ ಮಗಳನ್ನು ದಿಟ್ಟಿಸಿದ. ಇವಳು ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ. “ದುರಗ್ಯಾನ ಕೂಡ ಹೋಗಿ ಬಾ,” ಎಂದ. “ಹೊತ್ತು ಮುಳುಗೂದ್ರಾಗ ಮನ್ಯಾಗಿರಬೇಕು.”

ರವಿವಾರ ಇಬ್ಬರೂ ಗಜೇಂದ್ರಗಡಕ್ಕೆ ಹೋದರು. ದ್ಯಾಮವ್ವ ಹೆದರಿದ್ದಕ್ಕಿಂತ ಅನ್ನಪೂರ್ಣೇಶ್ವರಿ ಚೆಲುವೆಯಾಗಿದ್ದಳು. ಇಳಕಲ್ ಸೀರೆ, ಹಸಿಗೂದಲು, ಬಾಯಿ ತುಂಬ ನಗು. “ಬರ್ರಿ ದುರಗೇಶ! ಒಳಗ ಬಾ ತಂಗಿ,” ಎಂದಳು. ದುರಗೇಶನಿಗೆ ಆ ಮನೆಯಲ್ಲಿ ಯಾವ ಕುರ್ಚಿ ಯಾರದು, ಯಾವ ಸ್ವಿಚ್ ಎಲ್ಲಿ ಎಂಬುದೆಲ್ಲ ಗೊತ್ತಿತ್ತು. ಅದನ್ನು ನೋಡಿ ದ್ಯಾಮವ್ವ ಕುರ್ಚಿ ಬಿಟ್ಟು ನೆಲದ ಮೇಲೆ, ಅವನ ಚೀಲದ ಪಕ್ಕ ಕೂತಳು.

“ಸ್ಕ್ರೂಡ್ರೈವರ್ ಕೊಡು,” ಎಂದ ಅವನು, ಡ್ರೈವಿನ ಪೆಟ್ಟಿಗೆಯ ಹಿಂದೆ ಬಗ್ಗಿ.

ಅವಳು ಅವನ ಚೀಲಕ್ಕೆ ಕೈ ಹಾಕಿದಳು. ಕೈಗೆ ಸಿಕ್ಕದ್ದು ತಾನೇ ಸುತ್ತಿದ ಎರಡನೆಯ ಟ್ರಾನ್ಸ್‌ಫಾರ್ಮರ್. ಅದರ ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಕಿತ್ತಿದ್ದರು. ಹೊರಸುತ್ತು ಬಿಚ್ಚಿ, ಕಾಗದವನ್ನು ಬ್ಲೇಡಿನಿಂದ ಸೀಳಿದ್ದರು. ಎಲ್ಲಿಗೂ ತಾಗದ ಹಸಿರು ವಾಯರಿನ ತುದಿ ಬೆತ್ತಲೆಯಾಗಿ ಹೊರಗೆ ಚಾಚಿತ್ತು.

ಇವನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದಾನೆ.

“ಇವರು ಹಟಾ ಹಿಡಿದಾರ ನೋಡು,” ಎಂದಳು ಅನ್ನಪೂರ್ಣೇಶ್ವರಿ. “ಟ್ರಾನ್ಸ್‌ಫಾರ್ಮರ್ ಸುತ್ತಿದ ಕೈ ತಪ್ಪೂದಿಲ್ಲಂತ. ಎಲ್ಲಾ ತಪ್ಪು ಇವರ ಸರ್ಕ್ಯೂಟಿಂದs ಅಂತ.”

ದ್ಯಾಮವ್ವ ಎದ್ದು ನಿಂತಳು. ಅಪರಿಚಿತರ ಮನೆಯಲ್ಲಿ ನೀರು ಕೇಳಲೂ ನಾಚುವವಳು.

“ತಪ್ಪು ನಂದ್ರೀ,” ಎಂದಳು. “ತಾಮ್ರದ ಪಟ್ಟಿ ಹಾಕ್ಲಿಲ್ಲ. ಮರ್ತದ್ದಲ್ಲ, ಬೇಕಂತ ಬಿಟ್ಟೆ. ಎರಡು ಸಲ. ಇವಂದೇನೂ ತಪ್ಪಿಲ್ರಿ.”

ದುರಗೇಶ ಬಗ್ಗಿದವನು ಬಗ್ಗಿದಲ್ಲೇ ಉಳಿದ.

“ಯಾಕ?” ಎಂದಳು ಅನ್ನಪೂರ್ಣೇಶ್ವರಿ.

ದ್ಯಾಮವ್ವ ಕೈಯಲ್ಲಿದ್ದ ಟ್ರಾನ್ಸ್‌ಫಾರ್ಮರಿನ ಹಸಿರು ವಾಯರನ್ನು ಒಳಗೆ ತುರುಕಿದಳು. ಅನ್ನಪೂರ್ಣೇಶ್ವರಿ ಅವಳ ಕೆಂಪಗಾದ ಕಿವಿ ನೋಡಿದಳು, ಆಮೇಲೆ ಕೆಳಗೆ ಬಗ್ಗಿದ್ದವನ ಕಿವಿ ನೋಡಿದಳು. ಅವಳ ಮುಖದ ನಗು ಒಮ್ಮೆ ಸಣ್ಣಗಾಯಿತು.

“ಪಟ್ಟಿ ಹಾಕಿದ್ದು ತಂದೀಯಿಲ್ಲೋ?”

“ತಂದೀನ್ರಿ.”

“ಹಂಗಾರ ಜೋಡಿಸ್ರಿ. ನಮ್ಮವ್ವನ ದನಿ ಇರೂದು ಅದೊಂದs ಡ್ರೈವಿನಾಗ. ಬೀಸೂಕಲ್ಲಿನ ಹಾಡು, ಒಂದs ಸಲ ಟೇಪಿಗೆ ಹಾಡಿದ್ಲು. ಆ ಚರ್ರ್ ಬಂದಾಗೆಲ್ಲ ಆಕಿ ಎದ್ದು ಹ್ವಾದಂಗ ಅನಸ್ತೈತಿ ನನಗ.”

ದ್ಯಾಮವ್ವನಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಜೋಡಿಸಿ ಮುಗಿದಾಗ ಅನ್ನಪೂರ್ಣೇಶ್ವರಿ ತನ್ನ ಕುರ್ಚಿಯಲ್ಲಿ ಇವಳನ್ನೇ ಕೂರಿಸಿದಳು. “ನೀನs ಕೇಳಿ ಹೇಳು,” ಎಂದಳು. ಗಿರಣಿ ಚಾಲೂ ಆಯಿತು. ಕಿಟಕಿಯ ಗಾಜು ನಡುಗಿತು. ಸ್ಪೀಕರಿನಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ಒಂದು ಸಾಲು ಮುಗಿದು ಇನ್ನೊಂದಕ್ಕೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಆ ಉಸಿರಿನ ಸುತ್ತ ಬೇರೆ ಯಾವ ಸದ್ದೂ ಇರಲಿಲ್ಲ.

“ಇಲ್ರಿ,” ಎಂದಳು ದ್ಯಾಮವ್ವ. ಕಣ್ಣು ತುಂಬಿತ್ತು. “ಚರ್ರ್ ಅನ್ನವಲ್ದು.”

ಮರಳುವಾಗ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ದುರಗೇಶ ಇಳಿದು ಹೋದ. ಟವರ್ ಕಂಪನಿ ಹುಡುಕಿಕೊಂಡು ಹೋದನೇನೋ ಎಂದು ದ್ಯಾಮವ್ವ ಕಿಟಕಿಯ ಸರಳು ಹಿಡಿದು ಹೊರಗೆಲ್ಲ ಕಣ್ಣಾಡಿಸಿದಳು. ಅವನು ಸುತ್ತು ಹಾಕಿ ಬಂದು ಅವಳ ಕಿಟಕಿಯ ಕೆಳಗೆ ನಿಂತ.

“ಗೊತ್ತಿದ್ದೂ ಯಾಕ ಸುಮ್ಮನಿದ್ದಿ?” ಎಂದಳು ಅವಳು, ಕಿಟಕಿಯ ಸರಳು ನೋಡುತ್ತ.

“ಸಾವಿರ ಸುತ್ತಿನಾಗ ಒಂದು ತಪ್ಪಲಾರದಾಕಿ, ಇಷ್ಟು ದೊಡ್ಡದನ್ನ ಬಿಟ್ಟಾಳಂದ್ರ ಸಿಟ್ಟಿರಬೇಕು. ನನ್ನ ಮ್ಯಾಲೆ ಸಿಟ್ಟಂದ್ರ, ನಾ ನಿನಗ ಬ್ಯಾಡ ಅಂತ ತಿಳಕೊಂಡೆ. ಅದಕ್ಕs ರೋಣ ಅಂದೆ.”

“ಖರೇನs ಹುಚ್ಚ ಅದಿ.”

“ಮತ್ತ ಯಾರ ಮ್ಯಾಲೆ ಸಿಟ್ಟು?”

ಡ್ರೈವರ್ ಹತ್ತಿ ಕುಳಿತ. ಇಂಜಿನ್ ಗುರುಗುಟ್ಟಿತು.

“ನೀ ಅಲ್ಲಿಗೆ ಹೋಗೂದು ನನಗ ಸೇರೂದಿಲ್ಲ,” ಎಂದಳು ದ್ಯಾಮವ್ವ ಒಂದೇ ಉಸಿರಿಗೆ. “ಆಕಿ ಚಲೋ ಅದಾಳ. ನೋಡಿದ ಮ್ಯಾಲೂ ಸೇರೂದಿಲ್ಲ. ಆಕಿ ಹೆಸರು ತಗೊಂಡು ನೀ ನಕ್ರ ನನ್ನ ಕೈ ಎಣಿಕಿ ಮರೀತೈತಿ.”

ದುರಗೇಶ ನಗಲಿಲ್ಲ. ಅವಳು ಸರಳಿನ ಮೇಲಿಟ್ಟಿದ್ದ ಬೆರಳನ್ನು, ತಂತಿ ಕೊರೆದ ಗೆರೆಯ ಮೇಲೆ, ಒಮ್ಮೆ ಮುಟ್ಟಿದ. ವಾರ್ನಿಷಿನ ಕರೆಯನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

“ಮನೀಗೆ ಹೋಗಿ ಅರ್ಜುನಪ್ಪ ಮಾವಗ ಹೇಳ್ತೀನಿ,” ಎಂದ.

“ಏನಂತ?” ಅವಳು ಬೆಚ್ಚಿದಳು. “ಪಟ್ಟಿ ಬಿಟ್ಟದ್ದೇನು? ಬ್ಯಾಡೋ ಮಾರಾಯಾ, ಮಷೀನಿಗೆ ಕೈ ಹಚ್ಚಗೊಡೂದಿಲ್ಲ!”

“ಅದಲ್ಲ. ನಿನ್ನ ನನಗ ಕೊಡ್ತೀಯೇನು ಅಂತ ಕೇಳ್ತೀನಿ.”

ಬಸ್ಸು ಚಲಿಸಿತು. ದುರಗೇಶ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿದ, ಉತ್ತರ ಸಿಗದೆ ಬಸ್ಸು ಹತ್ತುವುದಿಲ್ಲ ಎನ್ನುವವನ ಹಾಗೆ.

“ಹತ್ತೋ, ಹತ್ತು!” ದ್ಯಾಮವ್ವ ಇಡೀ ಬಸ್ಸಿಗೇ ಕೇಳುವಂತೆ ಕೂಗಿದಳು. “ನೀ ಇಲ್ಲೇ ಉಳಿದ್ರ ಅಪ್ಪಗ ಯಾರು ಕೇಳ್ತಾರ?”