ಗುಡಾಣದಡಿಯ ಏಡಿಗಳ್ಳಿ

ಏಳು ಬೆಟ್ಟಗಳ ಆಚೆ ಹೊಂಬೆಳಗು ಎಂಬ ರಾಜ್ಯವಿತ್ತು. ಎಷ್ಟು ಕಾಲದ ಹಿಂದೆ ಎಂದು ಕೇಳಬೇಡಿ. ಆಮೆಗಳು ಬಾಯಿಬಿಟ್ಟು ಮಾತಾಡುತ್ತಿದ್ದ ಕಾಲ ಎಂದರೆ ಸಾಕು. ಆ ರಾಜ್ಯಕ್ಕೊಬ್ಬ ರಾಜನೂ ಇದ್ದ. ತಲೆಯಾಡಿಸುವುದು ಬಿಟ್ಟು ಅವನು ಬೇರೇನೂ ಮಾಡಿದವನಲ್ಲ, ಆದ್ದರಿಂದ ಅವನನ್ನು ಅರಮನೆಯಲ್ಲೇ ಬಿಡೋಣ. ನಮಗೆ ಬೇಕಾದವಳು ಕುಂಬಾರಗೇರಿಯ ಸಾಕವ್ವ.

ಹೊಂಬೆಳಗಿನಲ್ಲಿ ದೀಪ ಆರುತ್ತಿರಲಿಲ್ಲ. ಹಗಲೂ ಉರಿಯುತ್ತಿತ್ತು, ಇರುಳೂ ಉರಿಯುತ್ತಿತ್ತು. ನೂರು ವರ್ಷಗಳ ಹಿಂದೆ ಉರಿಗಣ್ಣ ಎಂಬ ಮಾಂತ್ರಿಕ ಅಂಗೈಯಲ್ಲಿ ಒಂದು ಕುಡಿ ಬೆಂಕಿ ಹಿಡಿದು ಬಂದು, ಇದರಿಂದ ಮನೆಮನೆಯ ದೀಪ ಹಚ್ಚಿಕೊಳ್ಳಿ, ಕಳ್ಳರ ಭಯವಿಲ್ಲ, ಹಾವಿನ ಭಯವಿಲ್ಲ ಎಂದಿದ್ದ. ಜನ ಕುಣಿದಾಡಿ ಹಚ್ಚಿಕೊಂಡರು. ಆಮೇಲೆ ಗೊತ್ತಾಯಿತು, ಆ ಬೆಂಕಿಯಿಂದ ಹಚ್ಚಿದ ಪ್ರತಿ ದೀಪವೂ ಉರಿಗಣ್ಣನ ಒಂದೊಂದು ಕಣ್ಣು ಎಂದು. ಅವನಿಗೆ ಆಗದ ಮಾತಾಡಿದವರು ಕಲ್ಲಾದರು. ದೀಪ ಆರಿಸಿದವರೂ ಕಲ್ಲಾದರು. ಬೀದಿ ಬೀದಿಯಲ್ಲಿ ಅಂಥ ಕಲ್ಲುಗಳಿದ್ದವು, ಜನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದರು.

ಅವನದು ಇನ್ನೊಂದು ಕಟ್ಟಳೆಯೂ ಇತ್ತು. ಮನೆಮನೆಯಲ್ಲೂ ಒಂದು ಏಡಿಗಳ್ಳಿ ಗಿಡ ಇರುತ್ತಿತ್ತು. ಅದಕ್ಕೆ ಎಲೆಯಿಲ್ಲ, ಮುಳ್ಳಿಲ್ಲ. ಚಪ್ಪಟೆ ಹಸಿರು ಗೆಣ್ಣುಗಳು ಒಂದರ ತುದಿಗೆ ಇನ್ನೊಂದು ಕೊಂಡಿ ಹಾಕಿಕೊಂಡು ಏಡಿಯ ಕಾಲಿನ ಹಾಗೆ ಕುಂಡದ ಅಂಚಿನಿಂದ ಜೋತುಬೀಳುತ್ತವೆ. ಇದು ದೇವರ ಗಿಡ, ಇದರ ಮುಂದೆ ದೀಪ ತಪ್ಪಬಾರದು ಎಂದು ಉರಿಗಣ್ಣ ಹೇಳಿದ್ದ. ಜನ ಭಕ್ತಿಯಿಂದ ಇಟ್ಟರು. ಆ ಗಿಡ ಹೂ ಬಿಟ್ಟದ್ದನ್ನು ನೂರು ವರ್ಷದಲ್ಲಿ ಒಬ್ಬರೂ ಕಂಡಿರಲಿಲ್ಲ.

ಸಾಕವ್ವನ ಗಂಡ ಈರಯ್ಯ. ಗಂಡ ಹೆಂಡತಿ ಇಬ್ಬರೂ ಮಡಕೆ ತಿರುಗಿಸುವ ತಿಗರಿಯ ಮುಂದೆಯೇ ಬೆಳೆದವರು. ಕುಂಬಾರರು ಮಡಕೆ ಸುಡುವ ಆವಿಗೆಗೆ ಮಾತ್ರ ದೀಪದ ಬೆಂಕಿ ಹಾಕುವ ಪದ್ಧತಿಯಿಲ್ಲ, ಚಕಮಕಿ ಕಲ್ಲು ಉಜ್ಜಿಯೇ ಹೊತ್ತಿಸಬೇಕು. ಮಡಕೆ ಬೆಂದಿದೆಯೋ ಇಲ್ಲವೋ ಎಂದು ತಿಳಿಯುವುದು ಒಳಗಿನ ಕೆಂಡದ ಬಣ್ಣದಿಂದ. ಒಂದು ಸಂಜೆ ಈರಯ್ಯ ಆವಿಗೆಯ ಬಾಯಲ್ಲಿ ಬಗ್ಗಿ ನೋಡಿದ. ಪಕ್ಕದ ದೀಪದ ಬೆಳಕು ಕಣ್ಣಿಗೆ ಹೊಡೆದು ಬಣ್ಣ ತಿಳಿಯಲಿಲ್ಲ. ತಿಂಗಳಿಡೀ ಮಾಡಿದ ಮಡಕೆಗಳು ಒಳಗಿದ್ದವು. ಅವನು ಯೋಚನೆ ಮಾಡದೆ ಉಫ್ ಎಂದು ದೀಪ ಊದಿಬಿಟ್ಟ.

ಉರಿಗಣ್ಣ ಕಣ್ಣಿಗೆ ಸೂಜಿ ಚುಚ್ಚಿಸಿಕೊಂಡವನಂತೆ ಅಲ್ಲಿಗೇ ಬಂದು ನಿಂತ. ಈರಯ್ಯನ ಪಾದಗಳು ಆಗಲೇ ಕಲ್ಲಾಗಿದ್ದವು. ಮೂರು ಚಳಿಗಾಲ ಕೊಟ್ಟಿದ್ದೇನೆ ಎಂದ ಮಾಂತ್ರಿಕ. ವರ್ಷದ ಅತಿ ಗಿಡ್ಡ ಹಗಲು ಇಳಿಯುತ್ತಾ ಬಂದಂತೆಲ್ಲ ಕಲ್ಲು ಮೇಲೇರುತ್ತದೆ. ಮೊದಲ ವರ್ಷ ಸೊಂಟಕ್ಕೆ, ಎರಡನೆಯ ವರ್ಷ ಕುತ್ತಿಗೆಗೆ, ಮೂರನೆಯ ವರ್ಷ ನೆತ್ತಿಗೆ. ಸಾಕವ್ವ ಅವನ ಕಾಲಿಗೆ ಬಿದ್ದಳು. ಬಿದ್ದಲ್ಲಿಂದಲೇ ಅವಳಿಗೆ ಒಂದು ವಿಷಯ ನೆನಪಾಯಿತು. ಶಾಪ ಕೊಟ್ಟವನು ವಿಮೋಚನೆಯನ್ನೂ ಹೇಳಲೇಬೇಕು, ಆ ಒಂದು ಮಾತಿನಲ್ಲಿ ಸುಳ್ಳು ಹೇಳುವಂತಿಲ್ಲ. ಅವಳು ತಲೆಯೆತ್ತಿ ಅದನ್ನೇ ಕೇಳಿದಳು.

ಉರಿಗಣ್ಣನ ಮುಖ ಹುಳ್ಳಗಾಯಿತು, ಆದರೆ ಕೂಡಲೇ ನಕ್ಕ.

"ನಿನ್ನ ಮನೆಯ ಏಡಿಗಳ್ಳಿ ಹೂ ಬಿಡಲಿ. ಅವತ್ತು ನಿನ್ನ ಗಂಡ ನಿನಗೆ ಸಿಗ್ತಾನೆ."

ಕೇರಿಯವರು ಈರಯ್ಯನನ್ನು ಎತ್ತಿ ತಂದು ಜಗಲಿಯ ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ಸಾಕವ್ವ ಅವತ್ತೇ ಗಿಡದ ಸೇವೆಗೆ ನಿಂತಳು. ಒಂದು ದೀಪವಿದ್ದಲ್ಲಿ ಒಂಬತ್ತು ಹಚ್ಚಿದಳು. ಕುಂಬಾರರ ಕೈ, ಮಣ್ಣು ಒಣಗಿದರೆ ಸಹಿಸುವುದಿಲ್ಲ. ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆ ನೀರು, ನಡುವೆ ಹಾಲು. ಕುಂಡದ ಮಣ್ಣು ತಿಗರಿಗೆ ಹದ ಮಾಡಿದ ಜೇಡಿಯ ಹಾಗೆ ಸದಾ ಪಿತಪಿತ ಅನ್ನುತ್ತಿತ್ತು. ಗೆಣ್ಣುಗಳು ಮೊದಲು ಮಂಕಾದವು, ಆಮೇಲೆ ಮೆತ್ತಗಾದವು, ಆಮೇಲೆ ಒಂದೊಂದಾಗಿ ಕಳಚಿ ಬಿದ್ದವು. ಗಿಡ್ಡ ಹಗಲು ಮುಳುಗಿದಾಗ ಬುಡ ಕೊಳೆತು ಹೋಗಿತ್ತು. ಈರಯ್ಯ ಸೊಂಟದವರೆಗೆ ಕಲ್ಲಾದ.

ಅವಳು ಅತ್ತಳು, ಬೈದುಕೊಂಡಳು, ಆಮೇಲೆ ಎದ್ದು ಕೊಳೆತದ್ದನ್ನೆಲ್ಲ ಬಿಸಾಡುವಾಗ ಮೂರು ಗೆಣ್ಣಿನ ಒಂದು ತುಂಡು ಗಟ್ಟಿಯಾಗಿ ಉಳಿದಿರುವುದು ಕಂಡಿತು. ಈ ಸಲ ಒಡೆದ ಹಂಚಿನ ಚೂರು, ಆವಿಗೆಯ ಬೂದಿ, ಒಂದಿಷ್ಟು ಕಾಡುಮಣ್ಣು ಬೆರೆಸಿ ಅದರಲ್ಲಿ ಚುಚ್ಚಿದಳು. ನೀರು ಬೇಕು ಅನ್ನಿಸಿದಾಗಲೆಲ್ಲ ಮಣ್ಣಿಗೆ ಬೆರಳಿಟ್ಟು ನೋಡಿದಳು, ಒಣಗಿದ್ದರೆ ಮಾತ್ರ ಹಾಕಿದಳು. ತುಂಡು ಬೇರು ಬಿಟ್ಟಿತು, ಹೊಸ ಗೆಣ್ಣುಗಳು ಬಂದವು. ಹೂವಿನ ಸುಳಿವು ಮಾತ್ರ ಇಲ್ಲ.

ಎರಡನೆಯ ವರ್ಷ ಮಳೆ ನಿಂತಾಗ ಅವಳು ಜೇಡಿ ಅಗೆಯಲು ಕೆರೆಗೆ ಹೋಗಿದ್ದಳು. ಗುದ್ದಲಿಗೆ ಕಲ್ಲು ತಗುಲಿದ ಸದ್ದಾಯಿತು. ಅದು ಕಲ್ಲಲ್ಲ, ಒಂದು ಮುದಿ ಆಮೆ. ಬೆನ್ನು ಸವರಿಕೊಳ್ಳಲಾಗದೆ ಅದು ಗೊಣಗಿತು. ತಾನು ಅರಮನೆಯ ತೋಟದ ಮಾಲಿಯಾಗಿದ್ದವನೆಂದೂ, ಹೇಳಬಾರದ ಒಂದು ಗುಟ್ಟು ತಿಳಿದದ್ದಕ್ಕೆ ಉರಿಗಣ್ಣ ತನಗೆ ಈ ಚಿಪ್ಪು ಹೊದಿಸಿದನೆಂದೂ ಹೇಳಿತು. ಕೆರೆಯ ಕೆಸರಿನಲ್ಲಿ ದೀಪವಿರಲಿಲ್ಲ, ಹಾಗಾಗಿ ಮಾತಾಡಲು ಭಯವಿರಲಿಲ್ಲ.

"ಏಡಿಗಳ್ಳಿಗೆ ಬೇಕಾಗಿರೋದು ಕತ್ತಲು ಮಗಳೇ," ಎಂದಿತು ಆಮೆ. "ಹೊತ್ತು ಇಳಿಯೋ ಮುಂಚೆ ಮುಚ್ಚು, ಬಿಸಿಲು ಚೆನ್ನಾಗಿ ಏರಿದ ಮೇಲೆ ತೆಗಿ. ನಲವತ್ತೆರಡು ದಿನ. ನಡುವೆ ಒಂದು ಸಾಸಿವೆಯಷ್ಟು ಬೆಳಕು ಬಿದ್ದರೂ ಮೊಗ್ಗು ಕಟ್ಟಲ್ಲ. ಆ ಪಾಪಿಯ ಉಸಿರು ಅದರ ಹೂವಿಗೆ ಗಂಟು ಬಿದ್ದಿದೆ, ಅದು ಅರಳಿದರೆ ಅವನಿಲ್ಲ. ಅದಕ್ಕೇ ಮನೆಮನೆಗೂ ದೀಪ ಇಡಿಸಿದ್ದು."

ಸಾಕವ್ವನಿಗೆ ಮೈ ಉರಿದುಹೋಯಿತು. ಒಂಬತ್ತು ದೀಪ ಹಚ್ಚಿ ಕೈಮುಗಿದದ್ದು ನೆನಪಾಗಿ ನಾಚಿಕೆಯೂ ಆಯಿತು. ದೀಪ ಆರಿಸುವ ಹಾಗಿಲ್ಲ, ಗಿಡಕ್ಕೆ ಬೆಳಕು ತಾಗುವ ಹಾಗೂ ಇಲ್ಲ. ಬೇರೆ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಿದ್ದರೇನೋ, ಅವಳು ಕುಂಬಾರ್ತಿ. ದವಸ ತುಂಬುವ ಗಾತ್ರದ ಒಂದು ಗುಡಾಣ ಮಾಡಿ ಸುಟ್ಟಳು. ದೀಪ ತನ್ನ ಪಾಡಿಗೆ ಉರಿಯಿತು, ಗಿಡ ಗುಡಾಣದ ಅಡಿಯಲ್ಲಿ ತಣ್ಣಗೆ ಕತ್ತಲಲ್ಲಿ ಕುಳಿತಿತು. ನಲವತ್ತೆರಡನೆಯ ದಿನ ಗೆಣ್ಣಿನ ತುದಿಗಳಲ್ಲಿ ಅಕ್ಕಿಕಾಳಿನಷ್ಟು ಕೆಂಪು ಕಂಡಿತು. ಒಂದಲ್ಲ, ಐದು.

ಈಗ ಅವಳ ಕೈಗೆ ಸುಮ್ಮನಿರಲು ಆಗಲಿಲ್ಲ. ಹಸಿ ಮಡಕೆಯನ್ನು ನೆರಳಲ್ಲಿಟ್ಟು ದಿನಕ್ಕೊಂದು ಸಲ ಸ್ವಲ್ಪ ಸ್ವಲ್ಪ ತಿರುಗಿಸದಿದ್ದರೆ ಒಂದು ಕಡೆ ಒಣಗಿ ಬಿರುಕು ಬಿಡುತ್ತದೆ. ಚಿಕ್ಕಂದಿನಿಂದ ಮಾಡಿದ ಕೆಲಸ. ಅವಳು ಗಿಡದ ಕುಂಡವನ್ನೂ ದಿನಾ ಕಿಟಕಿಯ ಕಡೆಗೆ ಸ್ವಲ್ಪ ಸ್ವಲ್ಪ ತಿರುಗಿಸಿದಳು. ನಾಲ್ಕನೆಯ ದಿನ ಒಂದು ಮೊಗ್ಗು ನೆಲದ ಮೇಲಿತ್ತು. ಏಳನೆಯ ದಿನ ಐದೂ ನೆಲದ ಮೇಲಿದ್ದವು. ಗಿಡ್ಡ ಹಗಲು ಮುಳುಗಿತು, ಈರಯ್ಯ ಕುತ್ತಿಗೆಯವರೆಗೆ ಕಲ್ಲಾದ. ದೀಪದ ಕುಡಿಯೊಳಗಿಂದ ಉರಿಗಣ್ಣ ನಕ್ಕದ್ದು ಇಬ್ಬರಿಗೂ ಕೇಳಿಸಿತು.

ಅವಳು ಕೆರೆಗೆ ಓಡಿ ಆಮೆಯ ಮೇಲೆ ರೇಗಿದಳು. ಕತ್ತಲು ಕೊಡು ಅಂದೆ, ತಿರುಗಿಸು ಅಂದೆನೇ ಎಂದಿತು ಆಮೆ. ಮೊಗ್ಗು ಬೆಳಕು ಯಾವ ಕಡೆಯಿಂದ ಬರುತ್ತದೆಂದು ನೋಡಿಕೊಂಡು ತಾನೇ ಮುಖ ಮಾಡಿಕೊಳ್ಳುತ್ತದೆ; ಕುಂಡ ಅಲುಗಾಡಿದರೆ ದಿಕ್ಕು ತಪ್ಪಿ ಕೈಬಿಟ್ಟುಬಿಡುತ್ತದೆ. ಮೊಗ್ಗು ಕಂಡ ಮೇಲೆ ಗುಡಾಣ ತೆಗೆದಿಡು, ಗಿಡವನ್ನು ಮುಟ್ಟಬೇಡ ಎಂದು ಅದು ಎರಡೆರಡು ಸಲ ಹೇಳಿತು. ಮನೆಗೆ ಬಂದು ಸಾಕವ್ವ ಗಂಡನ ಮುಂದೆ ತಲೆ ತಗ್ಗಿಸಿ ನಿಂತಳು. ನಾನೇ ಕೊಂದೆ ನಿಮ್ಮನ್ನ ಎಂದಳು. ಈರಯ್ಯನಿಗೆ ಕೈಯಿಂದ ಅವಳ ಕಣ್ಣೊರೆಸಲು ಆಗಲಿಲ್ಲ.

"ನಿನ್ನ ಕೈ ಕಟ್ಟಿಹಾಕೋಕೆ ಆಗಲ್ಲ ಕಣೇ ಸಾಕಿ," ಎಂದ. "ಅದಕ್ಕೆ ಬೇರೆ ಕೆಲಸ ಕೊಡು."

ಮೂರನೆಯ ಚಳಿಗಾಲ ಬಂತು. ಗುಡಾಣ ಮತ್ತೆ ಗಿಡದ ಮೇಲೆ ಕುಳಿತಿತು. ಕಳೆದ ವರ್ಷ ನಕ್ಕ ಉರಿಗಣ್ಣನಿಗೆ ಈ ವರ್ಷ ನಗು ಬರಲಿಲ್ಲ. ಶಾಪ ಕೊಟ್ಟವನು ವಿಮೋಚನೆಯ ವಸ್ತುವಿಗೆ ತಾನಾಗಿ ಕೈ ಹಚ್ಚುವಂತಿಲ್ಲ, ಆದರೆ ಬೇರೆಯವರನ್ನು ಕಳಿಸಬಹುದು. ನಲವತ್ತನೆಯ ದಿನ ಸಂಜೆ ಅವನು ಮಿಣುಕುಹುಳಗಳ ಒಂದು ಹಿಂಡನ್ನು ಬಿಟ್ಟ. ಒಂದೊಂದರ ಬಾಲದಲ್ಲೂ ಅವನ ಬೆಂಕಿಯ ಒಂದು ಕಿಡಿ ಇತ್ತು.

ಸಾಕವ್ವ ಗುಡಾಣ ಕವುಚುವ ಮುಂಚೆ ಯಾವಾಗಿನಂತೆ ಬೆರಳ ಗೆಣ್ಣಿನಿಂದ ಬಡಿದು ನೋಡಿದಳು. ದಿನಾ ಠಣ್ ಅನ್ನುವ ಗುಡಾಣ ಅಂದು ಟಪ್ ಅಂದಿತು. ಎಲ್ಲೋ ಬಿರುಕು ಬಿಟ್ಟಿದೆ. ಕಣ್ಣಿಗೆ ಕಾಣುತ್ತಿಲ್ಲ, ಹೊತ್ತು ಇಳಿಯುತ್ತಿದೆ, ಹುಳಗಳು ಕಿಟಕಿಯಿಂದ ಒಳಗೆ ಬರುತ್ತಿವೆ. ಅವಳು ಗುಡಾಣ ಕವುಚಿ, ಮೇಲೆಲ್ಲ ನೀರು ಚಿಮುಕಿಸಿದಳು. ನೀರೆಲ್ಲ ಆರಿದ ಮೇಲೂ ಕೂದಲೆಳೆಯಷ್ಟು ಒಂದು ಗೆರೆ ಒದ್ದೆಯಾಗಿಯೇ ಉಳಿಯಿತು. ಹುಳಗಳಿಗೂ ಅದು ಕಂಡಿತು. ಮೊದಲನೆಯ ಹುಳ ಗೆರೆಯ ಬಾಯಿಗೆ ತಲೆ ತೂರಿಸುವಷ್ಟರಲ್ಲಿ ಸಾಕವ್ವ ಒಂದು ಹಿಡಿ ಜೇಡಿ ಅದರ ಮೇಲೆಯೇ ಮೆತ್ತಿದಳು. ಬೆಳಗಾಗುವವರೆಗೂ ಗುಡಾಣಕ್ಕೆ ಬೆನ್ನು ಕೊಟ್ಟು ಕುಳಿತು, ಜೇಡಿ ಒಣಗಿ ಬಿಟ್ಟಲ್ಲೆಲ್ಲ ಮತ್ತೆ ಮತ್ತೆ ಒದ್ದೆ ಮಾಡಿದಳು. ಹುಳಗಳು ಸುಸ್ತಾಗಿ ಹಿಂದಿರುಗಿದವು.

ಎರಡು ದಿನ ಬಿಟ್ಟು ಮೊಗ್ಗು ಕಂಡಿತು. ಈ ಸಲ ಒಂದೇ ಒಂದು. ಅವಳು ಗುಡಾಣ ತೆಗೆದು ಮೂಲೆಗಿಟ್ಟು, ಗಿಡದ ಕಡೆಗೆ ಬೆನ್ನು ಮಾಡಿ ತಿಗರಿಯ ಮುಂದೆ ಕುಳಿತಳು. ಕೈಗೆ ಕೆಲಸ ಕೊಟ್ಟಳು. ಕುಡಿಕೆ, ಮಡಕೆ, ಹೂಜಿ, ಮುಚ್ಚಳ. ಕೈ ಗಿಡದ ಕಡೆಗೆ ಹೋಗುತ್ತೇನೆ ಎಂದಾಗಲೆಲ್ಲ ಇನ್ನೊಂದು ಮುದ್ದೆ ಜೇಡಿ ತಿಗರಿಗೆ ಹಾಕಿದಳು. ಮೊಗ್ಗು ಅಕ್ಕಿಕಾಳಿನಿಂದ ಅವರೆಕಾಳಿನಷ್ಟಾಯಿತು, ಬೆರಳುದ್ದವಾಯಿತು. ಹಿತ್ತಿಲಲ್ಲಿ ಮಡಕೆ ಇಡಲು ಜಾಗ ಸಾಲದಾಯಿತು. ಗಿಡ್ಡ ಹಗಲಿನ ಬೆಳಿಗ್ಗೆ ಅವನ್ನೆಲ್ಲ ಆವಿಗೆಗೆ ಪೇರಿಸಿ, ಚಕಮಕಿ ಉಜ್ಜಿ ಬೆಂಕಿ ಕೊಟ್ಟು ಬಂದಳು. ಮೊಗ್ಗು ಅರಳಿರಲಿಲ್ಲ.

ಮಧ್ಯಾಹ್ನ ಕಳೆದು ಉರಿಗಣ್ಣ ತಾನೇ ಬಂದ. ನೆಂಟನ ಹಾಗೆ ಜಗಲಿಯ ಮೇಲೆ ಕುಳಿತು, ಅಂಗೈಯ ಬೆಂಕಿಯನ್ನು ತೊಡೆಯ ಮೇಲಿಟ್ಟುಕೊಂಡ. ಕಲ್ಲು ಆಗಲೇ ಈರಯ್ಯನ ಗಲ್ಲ ಹತ್ತಿತ್ತು. ಸಾಕವ್ವ ತಿಗರಿ ನಿಲ್ಲಿಸಲಿಲ್ಲ.

"ಮೊಗ್ಗು ಗೋಡೆ ಕಡೆ ಮುಖ ಮಾಡಿದೆಯಲ್ಲಮ್ಮ," ಎಂದ ಮಾಂತ್ರಿಕ, ಬಹಳ ಮೃದುವಾಗಿ. "ಕುಂಬಾರರ ಮಗಳಿಗೆ ನಾನು ಹೇಳಿಕೊಡಬೇಕೆ? ಒಂದೇ ಕಡೆ ಬೆಳಕು ಬಿದ್ದರೆ ಏನಾಗುತ್ತೆ ಅಂತ ನಿನಗೇ ಗೊತ್ತು. ಒಂದು ಸುತ್ತು ತಿರುಗಿಸು, ಅರಳುತ್ತೆ."

ತಿಗರಿಯ ಮೇಲಿನ ಮಡಕೆಯ ಕಂಠ ಸೊಟ್ಟಗಾಯಿತು. ಅವಳು ಅದನ್ನು ಕೆಡವಿ ಮತ್ತೆ ಮುದ್ದೆ ಮಾಡಿದಳು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಈರಯ್ಯನ ತುಟಿ ಹೋಯಿತು ನೋಡು ಎಂದ ಉರಿಗಣ್ಣ. ಸ್ವಲ್ಪ ಹೊತ್ತಿಗೆ, ಮೂಗು ಹೋಯಿತು ನೋಡು ಎಂದ. ಅದರಲ್ಲಿ ಮಾತ್ರ ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಅವಳ ಸಂಕಟ. ಮೂರನೆಯ ಸಲ ಅವನು ಬಾಯಿ ತೆರೆಯುವ ಮುಂಚೆಯೇ ಸಾಕವ್ವ ಎದ್ದುಬಿಟ್ಟಳು. ಜೇಡಿ ಮೆತ್ತಿದ ಕೈ ಮುಂದೆ ಚಾಚಿಕೊಂಡು ಗಿಡದತ್ತ ನಡೆದಳು. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು ಹೆಜ್ಜೆ. ಬೆರಳು ಕುಂಡದ ಅಂಚಿಗೆ ಇನ್ನೇನು ತಾಗಬೇಕು.

ಅಲ್ಲಿಂದ ಅವಳು ಗಂಡನ ಮುಖ ನೋಡಿದಳು. ಉಳಿದದ್ದು ಕಣ್ಣು ಮಾತ್ರ. ಆ ಕಣ್ಣು ಅವಳನ್ನು ನೋಡಲಿಲ್ಲ, ಗಿಡವನ್ನೂ ನೋಡಲಿಲ್ಲ. ಖಾಲಿ ತಿರುಗುತ್ತಿದ್ದ ತಿಗರಿಯನ್ನು ನೋಡುತ್ತಿತ್ತು. ಸಾಕವ್ವನಿಗೆ ಅರ್ಥವಾಯಿತು. ಅವಳು ಹಿಂದಕ್ಕೆ ಬಂದು ಕುಳಿತು, ಉಳಿದಿದ್ದ ಕೊನೆಯ ಮುದ್ದೆಯನ್ನು ತಿಗರಿಗೆ ಹಾಕಿದಳು. ಅಳುತ್ತಲೇ ಮಡಕೆ ಎತ್ತಿದಳು. ಉರಿಗಣ್ಣ ಮೊದಲು ಬೇಡಿದ, ಆಮೇಲೆ ಬೆದರಿಸಿದ, ಆಮೇಲೆ ಕಿರುಚಿದ. ಅವಳು ತಿರುಗಿ ನೋಡಲಿಲ್ಲ.

ಸೂರ್ಯನ ಅಂಚು ಬೆಟ್ಟಕ್ಕೆ ತಾಗಿದಾಗ ಕಿರುಚಾಟ ನಡುವೆಯೇ ನಿಂತಿತು. ಸಾಕವ್ವ ಈಗ ತಿರುಗಿದಳು. ಗೆಣ್ಣಿನ ತುದಿಯಲ್ಲಿ ಕಡುಗೆಂಪು ಹೂವೊಂದು ಎಸಳು ಹಿಂದಕ್ಕೆ ಮಡಚಿಕೊಂಡು, ಒಂದು ಹೂವಿನ ಬಾಯಿಂದ ಇನ್ನೊಂದು ಹೂವು ಹೊರಟಂತೆ ತೂಗುತ್ತಿತ್ತು. ಜಗಲಿಯ ಮೇಲೆ ಮಾಂತ್ರಿಕನಿರಲಿಲ್ಲ. ಅವನು ಕುಳಿತಿದ್ದಲ್ಲಿ ಸುಟ್ಟು ಕರಕಲಾದ ಒಂದು ಬತ್ತಿ ಬಿದ್ದಿತ್ತು. ಅವನ ಬೆಂಕಿಯಿಂದ ಹಚ್ಚಿದ ದೀಪಗಳೆಲ್ಲ, ಕುಂಬಾರಗೇರಿಯಿಂದ ಅರಮನೆಯವರೆಗೆ, ಒಂದೇ ಸಲ ಆರಿದವು.

ಊರಿಗೆ ಊರೇ ಹೆದರಿ ಹೊರಗೆ ಓಡಿಬಂತು. ಬೀದಿಯ ಕಲ್ಲುಗಳು ಮೈ ಕೊಡವಿಕೊಂಡು ಮನುಷ್ಯರಾಗಿ, ತಮ್ಮ ತಮ್ಮ ಮನೆ ಹುಡುಕಿಕೊಂಡು ಹೊರಟವು. ಕೆರೆಯಿಂದ ಒಬ್ಬ ಮುದುಕ ಬೆನ್ನು ಸವರಿಕೊಳ್ಳುತ್ತಾ ಎದ್ದುಬಂದ. ಹೊತ್ತು ಪೂರ್ತಿ ಮುಳುಗಿದ ಮೇಲೆ, ಕತ್ತಲಾಯಿತು ಎಂದು ಅಳುತ್ತಿದ್ದ ಮಕ್ಕಳು ಮೇಲೆ ನೋಡಿ ಸುಮ್ಮನಾದರು. ನೂರು ವರ್ಷದಲ್ಲಿ ಮೊದಲ ಸಲ ಹೊಂಬೆಳಗಿನ ಜನ ನಕ್ಷತ್ರ ನೋಡಿದರು.

ಸಾಕವ್ವ ಕಂಬದ ಕಡೆ ಹೋಗಲು ಹೆದರಿ ಅಲ್ಲೇ ನಿಂತಿದ್ದಳು. ಕತ್ತಲಲ್ಲಿ ಯಾರೋ ಅವಳ ಪಕ್ಕದಲ್ಲೇ ಹಾದು ಹಿತ್ತಿಲಿಗೆ ಹೋದರು. ಆ ನಡಿಗೆ ಅವಳಿಗೆ ಗೊತ್ತು. ಅವಳು ಹಿಂದೆಯೇ ಹೋದಳು. ಊರಲ್ಲಿ ಉಳಿದಿದ್ದ ಬೆಂಕಿ ಅಲ್ಲಿನ ಆವಿಗೆಯದೊಂದೇ, ಚಕಮಕಿಯಿಂದ ಹೊತ್ತಿದ್ದು. ಈರಯ್ಯ ಆವಿಗೆಯ ಬಾಯಲ್ಲಿ ಬಗ್ಗಿ, ಮೂರು ವರ್ಷದ ಹಿಂದೆ ನೋಡಲಾಗದ್ದನ್ನು ಬಹಳ ಹೊತ್ತು ನೋಡಿದ.

"ಇನ್ನೂ ಬೆಂದಿಲ್ಲ ಕಣೇ ಸಾಕಿ," ಎಂದ. "ಬಾ, ಕೂತ್ಕೊ. ಬಣ್ಣ ಎಷ್ಟು ಚೆನ್ನಾಗಿ ಕಾಣ್ತಾ ಇದೆ ನೋಡು."

ಅವಳು ಬಂದು ಅವನ ಪಕ್ಕ ಕುಳಿತಳು, ಅವನ ಕೈ ಬೆಚ್ಚಗಿತ್ತು. ಅಲ್ಲಿಂದಾಚೆ ಹೊಂಬೆಳಗಿನಲ್ಲಿ ಸಂಜೆ ದೀಪ ಹಚ್ಚಿದರು, ಮಲಗುವಾಗ ಆರಿಸಿದರು, ಎಲ್ಲರೂ ಕಣ್ತುಂಬ ನಿದ್ದೆ ಮಾಡಿದರು. ಸಾಕವ್ವನ ಗಿಡದ ಒಂದೊಂದು ಗೆಣ್ಣು ಮುರಿದು ಮನೆಮನೆಗೂ ಒಯ್ದರು. ನಾವು ಈಗ ಕ್ರಿಸ್ಮಸ್ ಕಳ್ಳಿ ಎಂದು ಕರೆದು ಕಿಟಕಿಯಲ್ಲಿಡುವ ಗಿಡ ಅದೇ ಇರಬೇಕು ಎಂದು ನನ್ನ ಅನುಮಾನ. ಅದು ಹೂ ಬಿಡುತ್ತಿಲ್ಲ ಎಂದು ಯಾರಾದರೂ ಗೋಳಾಡಿದರೆ, ರಾತ್ರಿ ಆ ಕೋಣೆಯ ದೀಪ ಆರಿಸುತ್ತೀರಾ ಎಂದು ಮೊದಲು ಕೇಳುತ್ತೇನೆ. ಮೊಗ್ಗು ಬಂದಿದೆ, ಇನ್ನೇನು ಮಾಡಲಿ ಎಂದು ಕೇಳಿದವರಿಗೆ, ಹೋಗಿ ಬೇರೇನಾದರೂ ಕೆಲಸ ನೋಡಿಕೊಳ್ಳಿ ಎನ್ನುತ್ತೇನೆ.