ಬಿಚ್ಚದ ಆರು ಸ್ಕ್ರೂಗಳು

"ನಾನು ಕೆಡಿಸಿಲ್ಲಮ್ಮ, ನೀನಾದ್ರೂ ನಂಬು" ಎನ್ನುತ್ತ ಲೇತ್ ಓಡಿಸುವ ಹಿರಿಯ ಟರ್ನರ್ ಕಾರ್ಖಾನೆಯ ಸ್ಟೋರಿನ ಕಿಟಕಿಗೆ ಬಂದಾಗ ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು.

ಅವರ ಲೇತಿನ ಆರು ಟೂಲ್ ಹೋಲ್ಡರುಗಳಲ್ಲಿ ಲೋಹ ಕತ್ತರಿಸುವ ಟೂಲನ್ನು ಅದುಮಿ ಹಿಡಿಯುವ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಸಂಜೆಯೊಳಗೆ ಕೃತಕ ಕಾಲಿನ ಕೀಲುಗಳು ಆಸ್ಪತ್ರೆಗೆ ಹೋಗಬೇಕಿತ್ತು. ಮುದುಕ ಸಿಕ್ಕಾಪಟ್ಟೆ ಬಿಗಿದು ಕೆಡಿಸಿದ್ದಾನೆ, ಮನೆಗೆ ಕಳಿಸಿ ಎಂದು ಫೋರ್‌ಮನ್ ಆಗಲೇ ಯಜಮಾನರ ಕಿವಿ ಊದಿದ್ದ.

ಸ್ಟೋರ್ ನೋಡಿಕೊಳ್ಳುವ ನಮ್ಮ ಸ್ಟೋರಕ್ಕನ ಮುಂದೆ ಕಾರ್ಖಾನೆಯ ಯಾವ ಗುಟ್ಟೂ ಹೆಚ್ಚು ದಿನ ನಿಂತದ್ದಿಲ್ಲ. ಅವಳ ಸಹಾಯಕನಾದ ನಾನೇ ಅದಕ್ಕೆ ಸಾಕ್ಷಿ.

ಅವಳು ಸುತ್ತಿಗೆ ಮುಟ್ಟಲಿಲ್ಲ. ಹೋಲ್ಡರನ್ನು ವೈಸಿಗೆ ಕಚ್ಚಿಸಿ ಬಿಸಿಗಾಳಿ ಹಾಯಿಸಿದಳು. ಘಾಟು ವಾಸನೆ ಎದ್ದಿತು. ಬಿಸಿಯಿರುವಾಗಲೇ ಅಲೆನ್ ಕೀ ತಿರುಗಿಸಿದಳು, ಸ್ಕ್ರೂ ಹೊರಬಂತು. ಅದರ ಥ್ರೆಡ್ಡಿನ ಸುತ್ತುಗಳಲ್ಲಿ ಕೆಂಪು ಪುಡಿ, ಎಣ್ಣೆಯ ಪಸೆಯೇ ಇಲ್ಲ. ಟೂಲಿನ ಮೇಲೆ ಸ್ಕ್ರೂ ಒತ್ತಿದ ಗುರುತು ತೀರಾ ತೆಳುವಾಗಿತ್ತು.

"ಬೇರೆ ಲೇತ್‌ಗಳು?"

"ಎಲ್ಲಾ ಸರಿಯಾಗಿವೆ ಅಕ್ಕಾ" ಎಂದೆ. "ಹೋದ ವಾರ ಇವರ ಲೇತಲ್ಲೇ ಟೂಲ್ ಸಡಿಲಾಗಿ ಹಾರಿ, ಇವರ ಕಿವಿ ಪಕ್ಕಾನೇ ಹೋಗಿತ್ತು."

ಆರೂ ಸ್ಕ್ರೂ ಬಿಚ್ಚಿ ಕೆಲಸ ಶುರುವಾದ ಮೇಲೆ, ಊಟದ ಬಿಡುವಿನಲ್ಲಿ ಅವಳು ಯಜಮಾನರನ್ನೂ ಫೋರ್‌ಮನ್‌ನನ್ನೂ ಲೇತಿನ ಬಳಿ ಕರೆದಳು. ಜೋಡಣೆ ವಿಭಾಗದಲ್ಲಿದ್ದ ಟರ್ನರ್‌ರ ಸೊಸೆಯನ್ನೂ.

"ಜಾಸ್ತಿ ಬಿಗಿದಿದ್ರೆ ಟೂಲ್ ಮೇಲೆ ಗುಳಿ ಬೀಳ್ತಿತ್ತು, ಬಿದ್ದಿಲ್ಲ" ಎಂದಳು. "ಇದು ಅಂಟಿನ ಕೆಲಸ, ಆ ಕೆಂಪು ಪುಡಿ ಅದರದ್ದೇ, ಬಿಸಿ ಮಾಡಿದ್ರೆ ಬಿಡುತ್ತೆ. ಅಂಟು ಹಿಡೀಲಿ ಅಂತ ಒಂದೊಂದೇ ಸ್ಕ್ರೂನ ಎಣ್ಣೆ ಒರೆಸಿದ್ದಾರೆ. ಹಾಳು ಮಾಡೋರಿಗೆ ಅಷ್ಟು ಅಕ್ಕರೆ ಎಲ್ಲಿಂದ ಬರುತ್ತೆ? ಲೇತ್ ಓಡಿಸೋರಿಗೆ ಟೂಲ್ ಮತ್ತೆ ಬಿಚ್ಚಬೇಕು ಅಂತ ಗೊತ್ತು, ಅವರು ಅಂಟು ಹಾಕಲ್ಲ. ಒಂದ್ಸಲ ಜೋಡಿಸಿದ್ದು ಬಿಚ್ಚಲೇಬಾರದು ಅನ್ನೋದು ಜೋಡಣೆಯವರ ರೂಢಿ. ಈ ಕೆಂಪಂಟೂ ಅಲ್ಲಿಯದ್ದೇ. ಅಲ್ಲಿ ಇವರ ಜೀವಕ್ಕೆ ಹೆದರೋರು ಒಬ್ರೇ."

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮ ಕೈ ನಡುಗುತ್ತೆ ಮಾವ. ಸರಿಯಾಗಿ ಬಿಗಿಯೋಕಾಗ್ತಿಲ್ಲ ಅಂತ ನೀವೂ ಹೇಳಲಿಲ್ಲ, ಕೇಳೋಕೆ ನನಗೂ ಬಾಯಿ ಬರಲಿಲ್ಲ. ಇನ್ನೊಂದ್ಸಲ ಹಾರಿದ್ರೆ ಅಂತ ನಿನ್ನೆ ಪಾಳಿ ಮುಗಿದ ಮೇಲೆ ನಾನೇ ಅಂಟು ಹಾಕಿದೆ. ಬೆಳಿಗ್ಗೆ ಫೋರ್‌ಮನ್ ನಿಮ್ಮನ್ನ ಬೈತಿದ್ದಾಗ ಹೆದರಿ ಸುಮ್ಮನಿದ್ದೆ. ತಪ್ಪಾಯ್ತು."

ಫೋರ್‌ಮನ್ ತಲೆ ತಗ್ಗಿಸಿ, "ನಂದೂ ತಪ್ಪು, ಹಿರಿಯರೇ" ಎಂದ.

ಟರ್ನರ್ ತಮ್ಮ ಕೈಗಳನ್ನೇ ನೋಡುತ್ತ ನಿಂತರು. "ಯಜಮಾನ್ರೇ, ಇವಳು ಹೇಳಿದ್ದು ನಿಜ. ನನಗೆ ಅಳತೆ ನೋಡೋ ಕೆಲಸ ಕೊಡಿ. ಕಣ್ಣಿನ್ನೂ ಚೆನ್ನಾಗಿದೆ."

"ನಾಳೆಯಿಂದಲೇ ಬನ್ನಿ" ಎಂದರು ಯಜಮಾನರು.

ಟರ್ನರ್ ಸ್ಟೋರಕ್ಕನಿಗೆ ಕೈ ಮುಗಿದರು. ಆಮೇಲೆ ಸೊಸೆಯ ತಲೆ ಸವರಿ, "ನನ್ನ ಕೈ ಯಾರಿಗೂ ಕಾಣ್ತಿಲ್ಲ ಅಂದ್ಕೊಂಡು ಒಬ್ಬನೇ ಹೆದರ್ತಿದ್ದೆ ತಾಯಿ. ನೀನು ನೋಡಿದ್ದೀಯಲ್ಲ, ಅದೇ ನನ್ನ ಪುಣ್ಯ" ಎಂದರು.