ಹೆಬ್ಬೆರಳಿನ ಎರಡನೇ ಗಾಯ

ಜೂನ್ ಹದಿನಾಲ್ಕು, ಬೆಳಗ್ಗೆ 10.20. ಸರಕಾರಿ ಆಸ್ಪತ್ರೆಯ ಫೊರೆನ್ಸಿಕ್ ಡಾಕ್ಟರಮ್ಮನ ಲಿಖಿತ ದೂರು ಠಾಣೆಗೆ ಬಂತು. ಓದುತ್ತಲೇ ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು.

ಆರು ತಿಂಗಳ ಹಿಂದೆ ಕ್ಷೌರಿಕನೊಬ್ಬ, ತಂಗಿಯನ್ನು ಬಡಿಯುತ್ತಿದ್ದ ಅವಳ ಗಂಡನನ್ನು ತಡೆಯಲು ಹೋಗಿ ಬಲಗೈ ಹೆಬ್ಬೆರಳಿಗೆ ಚಾಕುವಿನ ಏಟು ತಿಂದಿದ್ದ. ಗಂಡ ಜೈಲು ಸೇರಿದ್ದ. ಬೆರಳು ಶಾಶ್ವತವಾಗಿ ಹೋಯಿತೆಂದು ವೈದ್ಯರು ಬರೆದರೆ ಗಂಭೀರ ಗಾಯ, ವರ್ಷಗಟ್ಟಲೆ ಶಿಕ್ಷೆ. ವಾಸಿಯಾಯಿತೆಂದರೆ ಇಷ್ಟರಲ್ಲೇ ಬಿಡುಗಡೆ. ಅದನ್ನು ತೀರ್ಮಾನಿಸುವ ಕೊನೆಯ ತಪಾಸಣೆ ಅಂದೇ ಇತ್ತು.

“ಹಳೇ ಗಾಯ ವಾಸಿಯಾಗಿದೆ ಸಾರ್,” ಎಂದರು ಆಸ್ಪತ್ರೆಯಲ್ಲಿ ಡಾಕ್ಟರಮ್ಮ. “ಅದೇ ಗೆರೆ ಮೇಲೆ ಮತ್ತೆ ಕೊಯ್ದಿದ್ದಾರೆ. ನಾಲ್ಕು ದಿನ ಆಗಿರಬಹುದು. ಇನ್ನು ಈ ಬೆರಳು ಮಡಚಲ್ಲ.”

“ತಾನೇ ಕೊಯ್ಕೊಂಡನಾ?”

“ಇಲ್ಲ. ಎದುರಿಗೆ ಕೂತವರು ಕೊಯ್ದಿರೋದು. ಇವನು ಕೈ ಹಿಂದಕ್ಕೆಳೆದ ಗುರುತೇ ಇಲ್ಲ.”

ಬೆಂಚಿನ ಮೇಲಿದ್ದ ಕ್ಷೌರಿಕ ಗೊಣಗಿದ: “ಮೊದಲಿಂದ್ಲೂ ಹೀಗೇ ಇತ್ತು ಸಾರ್.”

“ನನ್ ಕಿವಿಗೇ ಹೂವಿಡ್ತೀಯೇನಪ್ಪಾ?” ಎಂದ ಜೊತೆಗೆ ಬಂದಿದ್ದ ಹಿರಿಯ ಕಾನ್‌ಸ್ಟೇಬಲ್. “ಹೋದ ವಾರ ಇದೇ ಕೈಲಿ ತಾನೆ ನನ್ ಮೀಸೆ ಓರೆಯಾಗಿ ಕತ್ತರಿಸಿದ್ದು!”

ಕ್ಷೌರಿಕ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

FIR ದಾಖಲಾಯಿತು. ಮಧ್ಯಾಹ್ನ 1.15ಕ್ಕೆ ಇಬ್ಬರು ಪಂಚರೊಂದಿಗೆ ಅವನ ಮನೆಗೆ ಹೋದರು. ಕಿಟಕಿಗೆ ಹಲಗೆ ಬಡಿದಿತ್ತು. ಬಾಗಿಲಿಗೆ ಒಳಗಿನಿಂದ ಮೂರು ಚಿಲಕ. “ಯಾರು?” ಎಂದು ನಾಲ್ಕು ಸಲ ಕೇಳಿದ ಮೇಲೆಯೇ ತಂಗಿ ತೆಗೆದಳು. ಟ್ರಂಕಿನ ಬಟ್ಟೆಗಳಡಿ ಕ್ಷೌರದ ಕತ್ತಿ ಸಿಕ್ಕಿತು. ಹಿಡಿಯ ಸಂದಿಯಲ್ಲಿ ಒಣಗಿದ ರಕ್ತ. ಪಂಚನಾಮೆ ಬರೆಯುತ್ತಿರುವಾಗಲೇ ಅವಳು ಬಾಯಿಬಿಟ್ಟಳು.

“ನಾನೇ ಕೊಯ್ದೆ. ಬೆರಳು ಸರಿಹೋದ್ರೆ ನನ್ ಗಂಡ ಹೊರಗೆ ಬರ್ತಾನೆ ಸಾರ್. ಈ ಸಲ ಕೊಂದೇ ಬಿಡ್ತಾನೆ.”

“ಅಣ್ಣ ಸುಮ್ನಿದ್ನಾ?”

“ಕೈ ಚಾಚಿದ್ದೇ ಅಣ್ಣ. ‘ಬೆರಳು ಹೋದ್ರೆ ಹೋಗ್ಲಿ, ನೀನೊಬ್ಳು ಉಳ್ಕೋ’ ಅಂದ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಹೇಳಲೇಬೇಕಿತ್ತು. “ಹೊಸ ಗಾಯ ನಿನ್ ಗಂಡನ ತಲೆಗೆ ಬರಲ್ಲಮ್ಮ. ಹಳೇದು ವಾಸಿ ಅಂತ ಡಾಕ್ಟರ್ ಬರೆದಾಯ್ತು.”

“ಹಾಗಾದ್ರೆ ಬಿಡ್ತಾರಾ?”

ಇನ್ಸ್‌ಪೆಕ್ಟರ್ ಕತ್ತಿಯನ್ನು ಲಕೋಟೆಗೆ ಹಾಕಿ ಅರಗು ಒತ್ತಿದರು. ಅಯ್ಯೋ, ತಾನೊಂದು ಬಗೆದರೆ ದೈವವೊಂದು ಬಗೆಯಿತು.

3.40ಕ್ಕೆ ಅವಳ ಬಂಧನವಾಯಿತು. ಬಂಧನದ ಪತ್ರಕ್ಕೆ ಮನೆಯವರ ಸಹಿ ಬೇಕಿತ್ತು. ಪೆನ್ನು ಹಿಡಿಯಲಾಗದ ಅಣ್ಣ ಎಡಗೈ ಹೆಬ್ಬೆಟ್ಟು ಒತ್ತಿದ. ಅವನ ವಿಚಾರಣೆಯೂ ಬಾಕಿಯಿತ್ತು.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣವೆಂದು ಇನ್ಸ್‌ಪೆಕ್ಟರ್ ‘ಹೆದರಿಕೆ’ ಎಂದಷ್ಟೇ ಬರೆದರು. ಲಾಕಪ್ಪಿನ ಒಳಗಿಂದ ಅವಳು ಕರೆದಳು.

“ಬೀಗ ಹಾಕ್ತೀರಲ್ವಾ ಸಾರ್?”

“ಹಾಕ್ಲೇಬೇಕಮ್ಮ.”

“ಭದ್ರವಾಗಿ ಹಾಕಿ.”

ಕಾನ್‌ಸ್ಟೇಬಲ್ ಬೀಗ ಹಾಕಿ, ಎಳೆದು ತೋರಿಸಿದ. ಅವಳು ಗೋಡೆಗೊರಗಿ, ಕುಳಿತಲ್ಲೇ ನಿದ್ದೆಹೋದಳು.